ಬೆಲ್ ಹೊಡೆದವನನ್ನು ಓಡಿಸಿದ್ದು ಯಾರು?

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಫ್ಲಾಟು. ಬೆಳಿಗ್ಗೆ ಹಾಲಿನವನು ಬರುತ್ತಾನೆ, ನಾಯಿ ಬೊಗಳುತ್ತದೆ, ಹಾಲಿನವನು ಹೋಗುತ್ತಾನೆ. ಪೇಪರಿನವನು ಬರುತ್ತಾನೆ, ಬೊಗಳುತ್ತದೆ, ಹೋಗುತ್ತಾನೆ. ಆಮೇಲೆ ಕಸದವರು, ಇಸ್ತ್ರಿಯವನು, ಕೊರಿಯರ್, ಮಧ್ಯಾಹ್ನ ಕಳೆದರೆ ಸಾಲುಸಾಲು ಡೆಲಿವರಿ ಹುಡುಗರು. ಅವರೆಲ್ಲ ತಮ್ಮ ಕೆಲಸ ಮುಗಿಸಿ ಹೊರಟರು ಎಂಬುದು ನಮಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಅದರ ಲೆಕ್ಕ ಇಷ್ಟೇ: ಯಾರೋ ಬಾಗಿಲಿಗೆ ಬಂದರು, ನಾನು ಬೊಗಳಿದೆ, ಅವರು ಓಡಿಹೋದರು. ಒಂದು ದಿನವೂ ಸೋಲದ ಪ್ರಾಣಿ ತನ್ನ ಪಟ್ಟನ್ನು ಯಾಕಾದರೂ ಬಿಡಬೇಕು?

ಇಷ್ಟು ಸರಳವಾದದ್ದನ್ನು ಬಿಟ್ಟು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬೇರೆಲ್ಲ ವಿವರಣೆಗಳೂ ಓಡಾಡುತ್ತವೆ. ನಾಯಿಗೆ ಸೊಕ್ಕು. ಮುದ್ದು ಮಾಡಿ ಕೆಡಿಸಿದ್ದಾರೆ. ಅದರ ತಳಿಯೇ ಹಾಗೆ. ‘ಎಂತ ಮಾರಾಯ್ರೆ, ನಿಮ್ಮ ನಾಯಿಗೆ ನಿದ್ರೆ ಇಲ್ವಾ?’ ಎಂದು ಕೆಳಮನೆಯ ಶೆಟ್ಟರು ಲಿಫ್ಟಿನಲ್ಲಿ ಕೇಳುವುದಾದರೂ ನ್ಯಾಯವಾದ ಪ್ರಶ್ನೆ. ನನಗೆ ಸಿಟ್ಟು ಬರುವುದು ಇನ್ನೊಂದು ಬಗೆಯ ಮಾತಿಗೆ: ಖಾಲಿ ಗೋಡೆ ನೋಡಿ ಬೊಗಳಿದರೆ ಮನೆಯಲ್ಲಿ ‘ಏನೋ’ ಇದೆಯಂತೆ, ರಾತ್ರಿ ಊಳಿಟ್ಟರೆ ಯಮದೂತರು ಬಂದಿದ್ದಾರಂತೆ. ಐಟಿ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವರೂ ನಾಯಿಯ ಕೊರಳಿಗೆ ಕಪ್ಪು ದಾರ ಕಟ್ಟಿ, ನಿಂಬೆಹಣ್ಣು ನಿವಾಳಿಸಿ ಬಿಸಾಡಿದ್ದನ್ನು ನೋಡಿದ್ದೇನೆ.

ನಮ್ಮ ಕಿವಿಗೆ 20,000 ಹರ್ಟ್ಸ್‌ನಾಚೆ ಏನೂ ಕೇಳಿಸದು. ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಇಲಿ ಹೆದರಿದಾಗ ಹಾಕುವ ಕೂಗು 22,000ದ ಆಸುಪಾಸಿನದು, ಅಂದರೆ ನಮಗೆ ನಿಶ್ಶಬ್ದ, ನಾಯಿಗೆ ಗಲಾಟೆ. ಬಾತ್‌ರೂಮಿನ ಹಿಂದಿನ ಡಕ್ಟಿನಲ್ಲಿ ಪೈಪು ಹಿಡಿದು ಮೇಲೇರುವ ಇಲಿಗಳಿಗೆ ಈ ಊರಿನಲ್ಲೇನು ಬರಗಾಲವೇ? ‘ಏನೋ’ ಇರುವುದು ನಿಜ, ಅದಕ್ಕೆ ಬಾಲವಿದೆ. ಇನ್ನು ಊಳು ತೋಳದಿಂದ ಬಂದದ್ದು, ದೂರದಲ್ಲಿರುವ ತನ್ನವರನ್ನು ಕರೆಯುವ ದನಿ. ಆಂಬುಲೆನ್ಸಿನ ಸೈರನ್ ಕೇಳಿದರೂ ಅದು ಹೊರಡುತ್ತದೆ. ಆಂಬುಲೆನ್ಸ್ ಬಂದ ಮನೆಯಲ್ಲಿ ಕೆಲವೊಮ್ಮೆ ಸಾವೂ ಆಗುತ್ತದೆ, ಯಮದೂತರ ಕಥೆಗೆ ಪುಕ್ಕಟೆ ಸಾಕ್ಷಿ ಸಿಗುತ್ತದೆ.

ಬೊಗಳುವುದು ಮಾತ್ರ ಹೆಚ್ಚುಕಡಿಮೆ ನಾಯಿಯ ಸ್ವಂತ ಆಸ್ತಿ. ಬೆಳೆದ ತೋಳ ಬೊಗಳುವುದು ಅಪರೂಪ. ಬುಡಾಪೆಸ್ಟಿನ ಸಂಶೋಧಕ ಪೀಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸೊಗಸಾಗಿದೆ. ಮೂಡಿ ಎಂಬ ಹಂಗೇರಿಯ ಕುರಿನಾಯಿಗಳ ಬೊಗಳುವಿಕೆಯನ್ನು ಬೇರೆಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿದರು: ಅಪರಿಚಿತ ಬಂದಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ವಾಕಿಂಗ್‌ಗೆ ಹೊರಡುವಾಗ, ಚೆಂಡು ಕಂಡಾಗ. ಅದನ್ನು ಜನರಿಗೆ ಕೇಳಿಸಿ, ಇದು ಯಾವ ಸಂದರ್ಭ ಹೇಳಿ ಎಂದರು. ಬರೀ ಊಹೆಯಿಂದ ಸರಿಹೋಗುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಸಲ ಜನ ಸರಿಯಾಗಿ ಹೇಳಿದರು, ಅದೂ ನಾಯಿಯನ್ನೇ ಸಾಕದವರೂ ಸಹ. ತಗ್ಗಿನ, ಒರಟಾದ, ಬಿಡುವಿಲ್ಲದ ದನಿಯಾದರೆ ಸಿಟ್ಟು. ಎತ್ತರದ, ಬಿಟ್ಟುಬಿಟ್ಟು ಬರುವ ದನಿಯಾದರೆ ಒಂಟಿತನವೋ ಅಂಗಲಾಚಿಕೆಯೋ. ನಿಮ್ಮ ನಾಯಿಯನ್ನು ಸರಿಪಡಿಸಲು ಹೊರಡುವ ಮೊದಲು ಒಂದೆರಡು ದಿನ ಸುಮ್ಮನೆ ಕೇಳಿ. ಉಪಕರಣ ನಿಮ್ಮ ತಲೆಯ ಎರಡೂ ಬದಿಗೆ ಇದೆ.

ಈಗ ನನ್ನ ಅಚ್ಚುಮೆಚ್ಚಿನ ಭಾಗ. ಫಲ ಕೊಟ್ಟ ವರ್ತನೆ ಮತ್ತೆಮತ್ತೆ ಬರುತ್ತದೆ ಎಂಬುದನ್ನು 19ನೇ ಶತಮಾನ ಮುಗಿಯುವ ಮೊದಲೇ ಅಮೆರಿಕದ ಮನಃಶಾಸ್ತ್ರಜ್ಞ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ತೋರಿಸಿದ್ದರು. ಅದರಲ್ಲೇನೂ ಬೆರಗಿಲ್ಲ. ಬೆರಗು ಹುಟ್ಟಿದ್ದು ಹಾರ್ವರ್ಡಿನ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಸೋಮಾರಿತನದಿಂದ. ಸನ್ನೆಕೋಲು ಒತ್ತಿದ ಇಲಿಗೆ ಒಂದು ತಿಂಡಿಗುಳಿಗೆ ಎಂಬುದು ಅವರ ಏರ್ಪಾಡು. ಗುಳಿಗೆಗಳನ್ನು ಅವರೇ ಕೈಯಾರೆ ತಯಾರಿಸಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ಡಬ್ಬಿ ನೋಡಿದರೆ ಸಂಗ್ರಹ ಸೋಮವಾರ ಬೆಳಿಗ್ಗೆ 10.30ಕ್ಕೆ ಮುಗಿಯುವಂತಿತ್ತು. ವಾರಾಂತ್ಯವಿಡೀ ಗುಳಿಗೆ ಒತ್ತುತ್ತ ಕೂರುವ ಮನಸ್ಸಾಗದೆ, ಒತ್ತಿದಾಗಲೆಲ್ಲ ಯಾಕೆ ಕೊಡಬೇಕು, ನಿಮಿಷಕ್ಕೊಂದು ಸಾಲದೇ ಅಂದುಕೊಂಡರು. ಇಲಿಗಳು ಬೇಸರಿಸದೆ ಒತ್ತುತ್ತಲೇ ಹೋದವು.

ಮುಂದಿನ ವರ್ಷಗಳ ಪ್ರಯೋಗಗಳು ಇನ್ನೂ ವಿಚಿತ್ರ. ಪ್ರತಿಸಲ ಫಲ ಪಡೆದ ಪ್ರಾಣಿ, ಫಲ ನಿಂತಮೇಲೆ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೋ ಹೇಳಲಾಗದಂತೆ ಆಗೊಮ್ಮೆ ಈಗೊಮ್ಮೆ ಪಡೆದದ್ದು ಸುಲಭಕ್ಕೆ ಬಿಡುವುದೇ ಇಲ್ಲ. ಮುಂಬಯಿಯವರಿಗೆ ಇದನ್ನು ಹಾರ್ವರ್ಡಿನ ಪ್ರೊಫೆಸರು ಹೇಳಬೇಕಿರಲಿಲ್ಲ, ಮಟ್ಕಾ ಹುಟ್ಟಿದ ಊರು ಇದು. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರಗಳ ಮೇಲೆ ಬಾಜಿ ಕಟ್ಟುತ್ತಿದ್ದವರು 1960ರ ದಶಕದಲ್ಲಿ ಮಡಕೆಯಿಂದ ಅಂಕಿ ಎತ್ತುವುದಕ್ಕೆ ಹೊರಳಿದರು. ಗಿರಣಿ ಕಾರ್ಮಿಕರ ಸಂಬಳ ಎಷ್ಟು ಅದಕ್ಕೆ ಹೋಯಿತೋ! ದಿನಾ ಗೆಲ್ಲಿಸುವ ಮಟ್ಕಾ ಇದ್ದು, ಒಂದು ದಿನ ಕೊಡುವುದು ನಿಂತಿದ್ದರೆ ಜನ ವಾರದೊಳಗೆ ಮನೆಗೆ ಹೋಗುತ್ತಿದ್ದರು. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹತ್ತಿದ ನಂಬರು ಅವರನ್ನು ಜೀವಮಾನವಿಡೀ ಹಿಡಿದಿಟ್ಟಿತು.

ಈಗ ಊಟದ ಮೇಜಿಗೆ ಬನ್ನಿ. ನಾಯಿ ಬೊಗಳಿದರೆ ಚಪಾತಿ ಕೊಡಬಾರದು ಎಂದು ಮನೆಮಂದಿ ತೀರ್ಮಾನಿಸಿದ್ದಾರೆ. ಮೊದಲ ದಿನ ಕೊಡುವುದಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಎಂಟು ನಿಮಿಷ ಕಿವಿ ಕಿತ್ತುಹೋಗುವಂತೆ ಬೊಗಳಿದ ಮೇಲೆ ಅಜ್ಜಿ ‘ಪಾಪ, ಮೂಕಪ್ರಾಣಿ’ ಎಂದು ಒಂದು ಚೂರು ಕೆಳಗೆ ಬಿಡುತ್ತಾರೆ. ದಿನಾ ಕೊಡುತ್ತಿದ್ದರೇ ವಾಸಿಯಿತ್ತು. ಈಗ ನಾಯಿ ಕಲಿತದ್ದು, ಎಂಟು ನಿಮಿಷ ಬೊಗಳಿದರೆ ಸಿಗುತ್ತದೆ ಎಂದು.

ಇನ್ನೂ ಒಂದು ತೊಡಕಿದೆ. ಫಲ ನಿಂತ ಕೂಡಲೇ ವರ್ತನೆ ಇಳಿಯುವ ಬದಲು ಕೆಲವು ದಿನ ಏರುತ್ತದೆ. ಬೊಗಳುವುದು ಜೋರಾಗುತ್ತದೆ, ಉದ್ದವಾಗುತ್ತದೆ, ಪಾತ್ರೆ ಎಳೆಯುವುದು, ಮೈಮೇಲೆ ಹಾರುವುದು ಸೇರಿಕೊಳ್ಳುತ್ತದೆ. ‘ಟ್ರೇನಿಂಗ್ ಕೆಲಸ ಮಾಡಲಿಲ್ಲ’ ಎಂದು ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಅದು ಕೆಲಸ ಮಾಡುತ್ತಿರುವ ಲಕ್ಷಣ ಎಂದು ಮೊದಲೇ ತಿಳಿದಿದ್ದರೆ, ಅಕ್ಕಪಕ್ಕದ ಮನೆಗಳಿಗೆ ಹೋಗಿ ‘ಒಂದೆರಡು ವಾರ ಸಹಿಸಿಕೊಳ್ಳಿ’ ಅನ್ನಬಹುದು. ಹೋಗುವಾಗ ಒಂದಿಷ್ಟು ಚಕ್ಕುಲಿ ಕಟ್ಟಿಕೊಂಡು ಹೋದರೆ ನಷ್ಟವಿಲ್ಲ.

ಬಾಗಿಲ ಬೊಗಳಾಟಕ್ಕೆ ಮಾತ್ರ ಈ ಉಪಾಯ ನಡೆಯದು. ಚಪಾತಿ ನಿಮ್ಮ ಕೈಯಲ್ಲಿದೆ, ಕೊರಿಯರ್‌ನವನ ಕಾಲು ನಿಮ್ಮ ಕೈಯಲ್ಲಿಲ್ಲ. ನೀವು ಎಷ್ಟು ಕಡೆಗಣಿಸಿದರೂ ಅವನು ಹೊರಟೇ ಹೊರಡುತ್ತಾನೆ, ನಾಯಿ ಗೆದ್ದೇ ಗೆಲ್ಲುತ್ತದೆ. ಅಲ್ಲಿ ಬದಲಾಯಿಸಬೇಕಾದ್ದು ಬೆಲ್ಲಿನ ಅರ್ಥ. ಬೆಲ್ಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಾಯಿ ಕಿವಿ ನಿಮಿರಿಸುವಷ್ಟು ಮಾತ್ರ ಸಣ್ಣಗೆ ಹಾಕಿ, ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ. ಸಸ್ಯಾಹಾರಿ ಮನೆಯಾದರೆ ಪನೀರ್ ಆದೀತು, ಈರುಳ್ಳಿ ಹಾಕಿದ ಪಲ್ಯ ಮಾತ್ರ ಬೇಡ, ನಾಯಿಗೆ ಅದು ವಿಷ. ದಿನದಿನಕ್ಕೆ ಸದ್ದು ಏರಿಸಿ. ಆಮೇಲೆ ಆ ಚೂರನ್ನು ಬಾಗಿಲಿನಿಂದ ದೂರ, ಒಂದು ಚಾಪೆಯ ಮೇಲೆ ಮಾತ್ರ ಕೊಡಿ. ಬೆಲ್ ಹೊಡೆದರೆ ಚಾಪೆಗೆ ಓಡುವುದು ಲಾಭ ಎಂದು ಅದಕ್ಕೆ ಅನ್ನಿಸಬೇಕು. ಈ ಕಲಿಕೆ ನಡೆಯುವಷ್ಟು ದಿನ ಸೇಫ್ಟಿ ಡೋರಿನ ಜಾಲರಿಯ ಕೆಳಭಾಗಕ್ಕೆ ರಟ್ಟು ಕಟ್ಟಿ, ಪಾರ್ಸೆಲ್ಲುಗಳನ್ನು ಗೇಟಿನಲ್ಲೇ ವಾಚ್‌ಮನ್ ಹತ್ತಿರ ಇಡಿಸಿ. ಇಲ್ಲದಿದ್ದರೆ ನೀವು ಕಲಿಸಿದ್ದನ್ನು ಕೊರಿಯರ್‌ನವನು ದಿನಾ ಅಳಿಸುತ್ತಿರುತ್ತಾನೆ. ‘ಚುಪ್! ಚುಪ್!’ ಎಂದು ನೀವೂ ಕಿರುಚಿದರೆ, ಯಜಮಾನರೂ ದನಿಗೂಡಿಸಿದರು ಎಂದೇ ನಾಯಿ ತಿಳಿದೀತು.

ಗಂಡಹೆಂಡತಿ ಇಬ್ಬರೂ 7.40ರ ಫಾಸ್ಟ್ ಲೋಕಲ್ ಹಿಡಿದು ಹೋದಮೇಲೆ ಶುರುವಾಗುವ ಬೊಗಳುವಿಕೆ ಬೇರೆ ಜಾತಿಯದು. ಒಂದು ಹಳೆ ಫೋನಿನಲ್ಲಿ ವಿಡಿಯೋ ಇಟ್ಟು ಹೋಗಿ ನೋಡಿ. ಜೊಲ್ಲು ಸುರಿಸುತ್ತ ಬಾಗಿಲು ಕೆರೆಯುತ್ತಿದ್ದರೆ ಅದು ಭಯ. ಭಯವನ್ನು ಕಡೆಗಣಿಸಿ ಗುಣಪಡಿಸಲಾಗದು. ಎರಡು ನಿಮಿಷ, ಐದು ನಿಮಿಷ ಎಂದು ಮೆಲ್ಲಗೆ ಒಂಟಿತನವನ್ನು ರೂಢಿ ಮಾಡಿಸಬೇಕು, ಕೆಲವು ನಾಯಿಗಳಿಗೆ ಔಷಧವೂ ಬೇಕಾಗುತ್ತದೆ.

ಶಾಕ್ ಕೊಡುವ ಕೊರಳಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ಕೊಳ್ಳಬೇಡಿ. ನೋವು ಬಂದ ಕ್ಷಣದಲ್ಲಿ ನಾಯಿಯ ಕಣ್ಣೆದುರು ಇರುವುದು ಪಕ್ಕದ ಮನೆಯ ಮಗುವಾದರೆ, ಅದು ನೋವನ್ನು ಮಗುವಿಗೇ ಗಂಟುಹಾಕುತ್ತದೆ. ವೇಲ್ಸ್ 2010ರಲ್ಲೇ ಇಂಥ ಪಟ್ಟಿಗಳನ್ನು ನಿಷೇಧಿಸಿತು.

ಸೊಸೈಟಿಯವರು ನಾಯಿಯನ್ನೇ ಹೊರಗೆ ಹಾಕಿ ಎಂದರೆ? ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ ಹೌಸಿಂಗ್ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಹಾಗೆಂದು ಶೆಟ್ಟರ ನಿದ್ರೆಗೆ ಬೆಲೆಯಿಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಟ್ಟ ಮಿತಿ 45 ಡೆಸಿಬಲ್. ಆಸ್ಟ್ರೇಲಿಯಾದ ಒಂದು ಗೋಲ್ಡನ್ ರಿಟ್ರೀವರ್ 2012ರಲ್ಲಿ 113.1 ಡೆಸಿಬಲ್ ಬೊಗಳಿ ಗಿನ್ನೆಸ್ ದಾಖಲೆ ಬರೆದಿದೆ.

ನಾಯಿಗಾಗಿ ಈ ಊರಲ್ಲಿ ಜಗಳ ಹೊಸತೂ ಅಲ್ಲ. 1832ರ ಜೂನ್‌ನಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟ ಬ್ರಿಟಿಷ್ ಆಡಳಿತದ ವಿರುದ್ಧ ಪಾರ್ಸಿಗಳು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಸೈನ್ಯ ಬಂತು. ಸತ್ತವರ ದೇಹವನ್ನು ನಾಯಿಯ ಕಣ್ಣಿಗೆ ತೋರಿಸುವ ಸಂಪ್ರದಾಯ ಇರುವ ಸಮುದಾಯ ಅದು, ಸುಮ್ಮನಿರುವುದು ಸಾಧ್ಯವಿರಲಿಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಸೊಸೈಟಿಯ ಎಜಿಎಂಗಳು, ಅಂದರೆ ವಾರ್ಷಿಕ ಸಭೆಗಳು, ಶಾಂತ.

ಒಂದು ಎಚ್ಚರಿಕೆ ಉಳಿದಿದೆ. ಹತ್ತು ವರ್ಷ ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಹೊತ್ತು ಮೂಲೆಯಲ್ಲಿ ನಿಂತು ಬೊಗಳತೊಡಗಿದರೆ ಮೇಲಿನ ಯಾವ ಉಪಾಯವನ್ನೂ ಮಾಡಬೇಡಿ. ಕಿವಿ ಮಂದವಾಗಿರಬಹುದು, ಕೀಲುನೋವಿರಬಹುದು, ಮನುಷ್ಯರ ಮರೆವಿನ ಕಾಯಿಲೆಯಂಥದೇ ಒಂದು ಮುಪ್ಪಿನ ತೊಂದರೆ ನಾಯಿಗಳಿಗೂ ಬರುತ್ತದೆ. ಆಗ ಬೇಕಾದ್ದು ಪಶುವೈದ್ಯರು, ಅದೂ ಆ ವಾರದಲ್ಲೇ.