ಮಾತ್ರೆ ಇನ್ನೂ ಎಷ್ಟು ದಿನ, ಮೇಡಂ?

ಮಾದಕ ಚಟ ಬಿಡಿಸುವ ವಾರ್ಡಿನಿಂದ ಮಗನನ್ನು ಮನೆಗೆ ಕರೆದುಕೊಂಡು ಹೋದ ಎರಡನೇ ವಾರಕ್ಕೆ ಈ ಫೋನ್ ಬಂದೇ ಬರುತ್ತದೆ. ಹಿಂದೆಯೇ ಇನ್ನೊಂದು ಮಾತು: "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಾಯ್ತಲ್ವಾ?"

ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ನಾನು ಹೇಳುತ್ತಿರುವುದು ಹೆರಾಯಿನ್ ಸೇದುವವರ, ಟಪೆಂಟಡಾಲ್‌ನಂಥ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುವವರ ವಿಷಯ. ಕುಡಿತದ ಲೆಕ್ಕ ಬೇರೆ, ಗಾಂಜಾದ್ದೂ ಬೇರೆ.

ಚಟ ಬಿಡಿಸಲು ಇವರಿಗೆ ಕೊಡುವ ಬುಪ್ರೆನಾರ್ಫಿನ್ ಮಾತ್ರೆ ಕೂಡ ಅದೇ ಜಾತಿಯ ಔಷಧಿ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಹೆರಾಯಿನ್ ಇಳಿದ ಕೆಲವೇ ಗಂಟೆಗಳಲ್ಲಿ ಮೈಕೈ ನೋವು, ಭೇದಿ, ಚಡಪಡಿಕೆ ಶುರುವಾಗುತ್ತದೆ. ಮುಂದಿನ ಡೋಸ್ ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಈ ಮಾತ್ರೆ ನಾಲಿಗೆ ಕೆಳಗಿಟ್ಟರೆ ಸುಮಾರು ಒಂದು ದಿನ ಹಿಡಿದು ನಿಲ್ಲಿಸುತ್ತದೆ. ಹುಡುಗ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ಮನೆಯವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಇನ್ನೊಂದಿದೆ. ದಿನಾ ಹೆರಾಯಿನ್ ತೆಗೆದುಕೊಳ್ಳುವ ದೇಹ ಅದಕ್ಕೆ ಒಗ್ಗಿರುತ್ತದೆ. ಎಲ್ಲ ನಿಲ್ಲಿಸಿದ ಕೆಲವು ವಾರಗಳಲ್ಲಿ ಆ ಒಗ್ಗಿಕೆ ಇಳಿದುಹೋಗುತ್ತದೆ. ಹುಡುಗನ ತಲೆಯಲ್ಲಿ ಮಾತ್ರ ಹಳೇ ಅಳತೆಯೇ ಇರುತ್ತದೆ. ಆಸೆ ತಡೆಯದೆ ಒಂದು ಸಲ ಅಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಆದ್ದರಿಂದ ಚಟ ಬಿಟ್ಟ ಮೊದಲ ವಾರಗಳೇ ಜಾಸ್ತಿ ಅಪಾಯದವು. ಮಾತ್ರೆ ಈ ಅಪಾಯಕ್ಕೆ ಅಡ್ಡ ನಿಲ್ಲುತ್ತದೆ, ನೀವೇ ಅದನ್ನು ಕಿತ್ತುಹಾಕುತ್ತೀರಿ.

ಟೈಲರ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಅಪ್ಪ. ಮಗ ನಾಲ್ಕು ತಿಂಗಳು ಚೆನ್ನಾಗಿದ್ದ, ಗುಂಡಿ ಹೊಲಿಯುವುದನ್ನೂ ಕಲಿತಿದ್ದ. ಯುಗಾದಿಗೆ ಬಂದ ನೆಂಟರು "ಇನ್ನೂ ಮಾತ್ರೆನಾ?" ಅಂದರು. ಅಪ್ಪನಿಗೆ ಅವಮಾನವಾಯಿತು. ಮಾತ್ರೆಯನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಮೂರು ವಾರ ಕಳೆದಿರಬೇಕು, ಒಂದು ರಾತ್ರಿ ಹುಡುಗನ ಗೊರಕೆ ವಿಚಿತ್ರವಾಗಿ ಕೇಳಿತು. ಅಮ್ಮ ಹೋಗಿ ನೋಡಿದರೆ ತುಟಿ ನೀಲಿ. ಬದುಕಿದ, ಪುಣ್ಯ. "ಒಳ್ಳೇದಾಗ್ಲಿ ಅಂತಾನೇ ಮಾಡ್ದೆ ಮೇಡಂ" ಅಂತ ಅಪ್ಪ ಕಾರಿಡಾರಿನಲ್ಲಿ ಅಳುತ್ತಿದ್ದರು. ಬೈಯಬೇಕೆಂದೇ ಹೋಗಿದ್ದೆ, ಮನಸ್ಸು ಬರಲಿಲ್ಲ. ಈಗ ಅವರೇ ದಿನಾ ಬೆಳಿಗ್ಗೆ ಮಗನಿಗೆ ಮಾತ್ರೆ ಎಣಿಸಿ ಕೊಡುತ್ತಾರೆ.

ಎಷ್ಟು ದಿನ? ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು. ಯಾವಾಗ, ಎಷ್ಟೆಷ್ಟು ಇಳಿಸಬೇಕು ಅನ್ನುವುದನ್ನು ಡಾಕ್ಟರು ಹುಡುಗನನ್ನು ನೋಡಿ ಹೇಳಬೇಕು. ನಾನೂ ಹೇಳಲಾರೆ, ನೆಂಟರಂತೂ ಹೇಳಲೇಬಾರದು. ಮಲಗಿದವನ ಗೊರಕೆ ಬದಲಾಗಿ, ಅಲುಗಾಡಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದಾನೆ ಅನ್ನುವುದನ್ನು ಬಂದವರಿಗೆ ಮುಚ್ಚಿಡದೆ ಹೇಳಿ.