ಕಿತ್ತಳೆಯ ಮೇಲೊಂದು ದಾರ

ಕೊಡಗಿನ ಸಿದ್ದಾಪುರದ ನಮ್ಮ ಚಿಕ್ಕಮ್ಮನ ಮಗ ಇರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹುತ್ತರಿ ಹಬ್ಬಕ್ಕೆ ಬರುತ್ತೇನೆಂದು ಅವನ ಫೋನು ಬಂದ ದಿನ ಚಿಕ್ಕಮ್ಮ ಕೇಳಿದರು: "ಅಲ್ಲಿಂದ ಬೆಂಗಳೂರಿಗೆ ನೇರ ಬರೋ ವಿಮಾನ ಯಾವ ಕಡೆಯಿಂದ ಬರುತ್ತೆ ಮಗಾ, ಪೂರ್ವದಿಂದಲೋ ಪಶ್ಚಿಮದಿಂದಲೋ?" ಎರಡೂ ಅಲ್ಲ, ಉತ್ತರದಿಂದ ಅಂದೆ. ನಂಬಲಿಲ್ಲ.

ಬುಟ್ಟಿಯಲ್ಲಿ ಕಿತ್ತಳೆಯಿತ್ತು. ಆದಷ್ಟು ದುಂಡಗಿದ್ದದ್ದನ್ನು ಆರಿಸಿದೆ. (ಕೊಡಗಿನ ಕಿತ್ತಳೆ ತುಸು ಚಪ್ಪಟೆ. ಭೂಮಿಯೂ ಧ್ರುವಗಳಲ್ಲಿ ಚಪ್ಪಟೆಯೇ, ಆದರೆ ಇಷ್ಟಲ್ಲ.) ತೊಟ್ಟು ಉತ್ತರ ಧ್ರುವ. ಅದರ ಆಚೆ ಸ್ಯಾನ್ ಫ್ರಾನ್ಸಿಸ್ಕೋಗೊಂದು, ಈಚೆ ಬೆಂಗಳೂರಿಗೊಂದು ಗುಂಡುಸೂಜಿ ಚುಚ್ಚಿ ದಾರ ಬಿಗಿದರೆ, ಅದು ಹಣ್ಣಿನ ಹೊಟ್ಟೆ ಬಳಸದೆ ತೊಟ್ಟಿನ ಪಕ್ಕದಲ್ಲೇ ಹಾದುಹೋಯಿತು. ದುಂಡನೆಯ ವಸ್ತುವಿನ ಮೇಲೆ ಅತಿ ಹತ್ತಿರದ ದಾರಿ ಇದೇ, ಹೆಸರು ಮಹಾವೃತ್ತ. ಗೋಡೆಯ ಭೂಪಟ ನೋಡಿ ಬೆಳೆದ ಕಣ್ಣಿಗೆ ಇದು ಸುತ್ತುಬಳಸಿನ ದಾರಿಯಂತೆ ಕಾಣುತ್ತದೆ, ಅಷ್ಟೆ.

ಲೆಕ್ಕವನ್ನು ಬಾಯಲ್ಲೇ ಹಾಕಬಹುದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವಕ್ಕೆ 77 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 52. ಒಟ್ಟು 129. ಡಿಗ್ರಿಗೆ 111 ಕಿಲೋಮೀಟರ್‌ನಂತೆ 14,300ರ ಆಸುಪಾಸು. ಎರಡು ಊರುಗಳು ಧ್ರುವದ ಸರಿಯಾಗಿ ಎದುರುಬದುರಿಗೆ ಇಲ್ಲದ್ದರಿಂದ ನಿಜವಾದ ಮಹಾವೃತ್ತ ಇನ್ನೂ ಕೊಂಚ ಗಿಡ್ಡ: ಸುಮಾರು 14,000.

ಆದರೆ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ, ಧ್ರುವದ ಮೇಲಿಂದ ಹಾದು, ಹಾರಿದ ದೂರ ಹೆಚ್ಚುಕಡಿಮೆ 16,000 ಕಿಲೋಮೀಟರ್. ನಡೆಸಿದವರು ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು. ಹಿಡಿದದ್ದು 17 ಗಂಟೆ. ಬೆಂಗಳೂರಿನಲ್ಲಿ ಇಳಿದಾಗ 11ರ ನಸುಕು. ನಡುವಿನ ದಿನ ನುಂಗಿದ್ದು ಹದಿಮೂರೂವರೆ ಗಂಟೆಯ ಸಮಯವ್ಯತ್ಯಾಸ.

ದಾರಕ್ಕಿಂತ ದಾರಿ ಯಾಕೆ ಉದ್ದ? ಮಾಕುಟ್ಟ ಘಾಟಿಯಲ್ಲಿ ಬಸ್ಸು ಹತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆಕಾಶದಲ್ಲೂ ಘಾಟಿಗಳಿವೆ. ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ 10,000 ಅಡಿಗೆ ಇಳಿಯಬೇಕು; ಟಿಬೆಟಿನ ಬಹುಪಾಲು ನೆಲವೇ ಅದಕ್ಕಿಂತ ಎತ್ತರ, ಹಾಗಾಗಿ ಅದನ್ನು ಬಳಸಿ ಹೋಗುವುದೇ ವಾಡಿಕೆ. ಕೆಲವು ದೇಶಗಳ ಆಕಾಶ ಮುಚ್ಚಿರುತ್ತದೆ. ತುರ್ತಿಗೆ ಇಳಿಯಲು ದಾರಿಯುದ್ದಕ್ಕೂ ಕೈಗೆಟುಕುವಷ್ಟು ದೂರದಲ್ಲಿ ನಿಲ್ದಾಣಗಳಿರಬೇಕು.

ಇನ್ನು ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಂಡನ್ನಿನಿಂದ ಬೆಂಗಳೂರು 8,000 ಕಿಲೋಮೀಟರ್ ಅನ್ನಿ, ವಿಮಾನದ ವೇಗ ಗಂಟೆಗೆ 900, ಗಾಳಿಯದು 100. ಬರುವಾಗ 8 ಗಂಟೆ, ಹೋಗುವಾಗ 10. ಹೋದದ್ದಕ್ಕೂ ಬಂದದ್ದಕ್ಕೂ ಸರಿಹೋಯಿತು ಅನ್ನುವಂತಿಲ್ಲ: ಗಾಳಿಯೇ ಇಲ್ಲದಿದ್ದರೆ ಒಟ್ಟು ಪ್ರಯಾಣ 18 ಗಂಟೆಗಿಂತ ಸುಮಾರು ಹದಿಮೂರು ನಿಮಿಷ ಕಡಿಮೆಯಾಗುತ್ತಿತ್ತು. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಳ್ಳುವುದೇ ಕಾರಣ.

ಟಿಕೆಟ್ಟಿನಲ್ಲಿ ಅಚ್ಚಾಗುವ ಸಮಯದಲ್ಲಿ ಇದೆಲ್ಲದರ ಜೊತೆಗೆ ನೆಲದ ಮೇಲೆ ಉರುಳುವ ನಿಮಿಷಗಳೂ ಸೇರಿರುತ್ತವೆ. ಹಾಗಾಗಿಯೇ ಮಂಗಳೂರು–ಬೆಂಗಳೂರಿನಂಥ ಚಿಕ್ಕ ಹಾರಾಟಕ್ಕೂ ಒಂದು ಗಂಟೆ ಬರೆದಿರುತ್ತಾರೆ.

ಚಿಕ್ಕಮ್ಮ ಎಲ್ಲ ಕೇಳಿ, "ಹದಿನೇಳು ಗಂಟೆ ಸರಿ. ದೇವನಹಳ್ಳಿಯಿಂದ ಇಲ್ಲಿಗೆ?" ಅಂದರು. ಮುನ್ನೂರು ಕಿಲೋಮೀಟರ್ ಒಳಗೇ, ಆರು ಗಂಟೆಯಾದರೂ ಬೇಕು. ಅಷ್ಟರಲ್ಲಿ ವಿಮಾನ ಐದು ಸಾವಿರ ಕಿಲೋಮೀಟರ್ ದಾಟಿರುತ್ತದೆ ಅಂದೆ. ಅವರು ಸೂಜಿ ಕಿತ್ತಿಟ್ಟು, ಧ್ರುವದ ಕಡೆಯಿಂದಲೇ ಸಿಪ್ಪೆ ಸುಲಿಯತೊಡಗಿದರು.