ಆ್ಯಪ್‌ನಲ್ಲಿ ಕಾಣುವ ನಿಮ್ಮ ಕಾಯಿನ್ ನಿಜಕ್ಕೂ ಎಲ್ಲಿದೆ?

ಕಂಪನಿಗಳ ಲೆಕ್ಕ ಪರಿಶೀಲಿಸುವುದು ನನ್ನ ಕೆಲಸ. ಹಾಗಾಗಿ 'ಈ ಕ್ರಿಪ್ಟೋ ಎಕ್ಸ್‌ಚೇಂಜ್ ನಂಬಬಹುದಾ ಸರ್?' ಅಂತ, ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್ ಕೊಂಡು ಮಾರುವ ಆ್ಯಪ್‌ಗಳ ಬಗ್ಗೆ ಜನ ಕೇಳುತ್ತಲೇ ಇರುತ್ತಾರೆ. ನಿಮ್ಮ ಕಾಯಿನ್ ಎಲ್ಲಿದೆ ಅಂತ ನಾನು ತಿರುಗಿ ಕೇಳುತ್ತೇನೆ. ಫೋನ್ ತೆಗೆದು ಬ್ಯಾಲೆನ್ಸ್ ತೋರಿಸುತ್ತಾರೆ. ಅದು ಕಾಯಿನ್ ಅಲ್ಲ, ನಿಮಗೆ ಇಷ್ಟು ಕೊಡಬೇಕು ಅಂತ ಎಕ್ಸ್‌ಚೇಂಜ್ ತನ್ನ ಲೆಕ್ಕದಲ್ಲಿ ಬರೆದಿಟ್ಟುಕೊಂಡ ಒಂದು ಸಂಖ್ಯೆ. ಕಾಯಿನ್ ಸಾಗಿಸಲು ಬೇಕಾದ ಗುಪ್ತ ಸಂಕೇತ, ಅಂದರೆ ಪ್ರೈವೇಟ್ ಕೀ, ಇರುವುದು ಎಕ್ಸ್‌ಚೇಂಜ್‌ನವರ ಕೈಯಲ್ಲಿ.

ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೋ ಎಕ್ಸ್‌ಚೇಂಜ್‌ನ ಕೇಸ್ ನೋಡಿ. ಸಾಮಾನ್ಯ ಗ್ರಾಹಕರ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಹೋಗದ ಹಾಗೆ ಅಲ್ಲಿ ಕಟ್ಟುಪಾಡಿತ್ತು. ಆದರೆ ಅದೇ ಮಾಲೀಕನ ಇನ್ನೊಂದು ಕಂಪನಿಯಾದ ಅಲಮೇಡಾ ರಿಸರ್ಚ್‌ನ ಖಾತೆಗೆ 2019ರಲ್ಲೇ 'ಅಲೋ ನೆಗೆಟಿವ್' (ಸೊನ್ನೆಗಿಂತ ಕೆಳಗೂ ಹೋಗಬಹುದು) ಅನ್ನುವ ಗುರುತು ಹಾಕಿದ್ದರು, ಆಮೇಲೆ 6,500 ಕೋಟಿ ಡಾಲರ್‌ವರೆಗೆ ಸಾಲದ ಮಿತಿಯನ್ನೂ ಕೊಟ್ಟಿದ್ದರು ಅಂತ ಸಹಸಂಸ್ಥಾಪಕ ಗ್ಯಾರಿ ವಾಂಗ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಡೇಟಾಬೇಸ್‌ನಲ್ಲಿ ಒಂದೇ ಒಂದು ಗುರುತು, ಅಷ್ಟೇ. ಅಲಮೇಡಾ ಗ್ರಾಹಕರ ಹಣವನ್ನೇ ತೆಗೆದು ಬಳಸಲು ಅದು ದಾರಿಯಾಯಿತು. 2022ರ ನವೆಂಬರ್‌ನಲ್ಲಿ ಕಂಪನಿ ದಿವಾಳಿಯಾದಾಗ ಗ್ರಾಹಕರ ಲೆಕ್ಕದಲ್ಲಿ ಸುಮಾರು 800 ಕೋಟಿ ಡಾಲರ್ ಕಡಿಮೆ ಬಿತ್ತು.

ಆದರೆ ಅದೇ ಕಂಪನಿಯ ಜಪಾನ್ ಶಾಖೆಯ ಗ್ರಾಹಕರು 2023ರ ಫೆಬ್ರವರಿಯಲ್ಲೇ ಹಣ ವಾಪಸ್ ಪಡೆಯಲು ಶುರು ಮಾಡಿದರು. ಯಾಕೆ ಗೊತ್ತಾ? 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಮುಳುಗಿದಾಗ, 2018ರಲ್ಲಿ ಕಾಯಿನ್‌ಚೆಕ್ ಅನ್ನುವ ಇನ್ನೊಂದು ಎಕ್ಸ್‌ಚೇಂಜ್‌ನಲ್ಲಿ ಕಾಯಿನ್ ಕಳವಾದಾಗ ಜಪಾನ್ ಪಾಠ ಕಲಿತಿತ್ತು. ಗ್ರಾಹಕರ ಕಾಯಿನ್ ಕಂಪನಿಯ ಆಸ್ತಿಯ ಜೊತೆ ಬೆರೆಯಬಾರದು, ಅದರಲ್ಲಿ ಕನಿಷ್ಠ ಶೇ 95ರಷ್ಟು ಇಂಟರ್ನೆಟ್‌ಗೆ ತಗಲದ ಕೋಲ್ಡ್ ವಾಲೆಟ್‌ನಲ್ಲಿರಬೇಕು ಅಂತ ನಿಯಮ ತಂದಿತ್ತು. ರೂಲ್ಸ್ ಇದ್ದರೆ ಹೊಸತನ ಸಾಯುತ್ತದೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ತಮ್ಮ ಬಳಿ ಇಷ್ಟು ಕಾಯಿನ್ ಇದೆ ಅಂತ ಎಕ್ಸ್‌ಚೇಂಜ್‌ಗಳು ತೋರಿಸುವ 'ಪ್ರೂಫ್ ಆಫ್ ರಿಸರ್ವ್ಸ್' ಇದೆಯಲ್ಲ ಅಂತೀರಾ? ಅದು ಒಂದು ದಿನದ ಫೋಟೋ ಇದ್ದ ಹಾಗೆ. ಆ ದಿನ ವಾಲೆಟ್‌ನಲ್ಲಿ ಎಷ್ಟಿತ್ತು ಅಂತ ತೋರಿಸುತ್ತದೆ. ಅದನ್ನು ಯಾರಿಂದಾದರೂ ಕೈಸಾಲ ತಂದಿಟ್ಟಿದ್ದರಾ, ಹೊರಗೆ ಬೇರೆ ಸಾಲ ಎಷ್ಟಿದೆ ಅನ್ನುವುದನ್ನು ತೋರಿಸುವುದಿಲ್ಲ. ಸಾಲ ನೋಡದೆ ಬರೀ ಆಸ್ತಿ ನೋಡಿ ನಾನಂತೂ ಯಾವ ಕಂಪನಿಯ ಲೆಕ್ಕಕ್ಕೂ ಸಹಿ ಹಾಕುವುದಿಲ್ಲ.

'ನೋಂದಾಯಿತ ಸಂಸ್ಥೆ' ಅನ್ನುವ ಮಾತಿಗೂ ಸುಮ್ನೆ ತಲೆದೂಗಬೇಡಿ. ಎಷ್ಟೋ ಕಡೆ ಆ ನೋಂದಣಿ ಇರುವುದು ಕಪ್ಪುಹಣ ಸಾಗಣೆ ತಡೆಯುವುದಕ್ಕೆ ಮಾತ್ರ. ನಿಮ್ಮ ಕಾಯಿನ್ ಸುರಕ್ಷಿತವಾ ಅನ್ನುವುದು ಬೇರೆಯದೇ ಪ್ರಶ್ನೆ, ಅದಕ್ಕೆ ಬೇರೆ ಕಾನೂನು ಬೇಕು. ಯುರೋಪಿಯನ್ ಒಕ್ಕೂಟದ ಮೈಕಾ (MiCA) ಅನ್ನುವ ಕ್ರಿಪ್ಟೋ ಕಾನೂನು ಗ್ರಾಹಕರ ಕಾಯಿನ್ ಪ್ರತ್ಯೇಕ ಇಡಬೇಕು ಅನ್ನುತ್ತದೆ. 2024ರ ಡಿಸೆಂಬರ್ 30ರಿಂದ ಅದು ಎಕ್ಸ್‌ಚೇಂಜ್‌ಗಳಿಗೆ ಅನ್ವಯವಾಗುತ್ತಿದೆ.

ನಿಮ್ಮ ಎಕ್ಸ್‌ಚೇಂಜ್‌ನ ಷರತ್ತುಗಳನ್ನು ಇವತ್ತೇ ತೆರೆದು ನೋಡಿ. ನಿಮ್ಮ ಖಾತೆ ಯಾವ ದೇಶದ, ಯಾವ ಕಂಪನಿಯ ಹೆಸರಲ್ಲಿದೆ, ಕಾಯಿನ್ ಯಾರ ಸ್ವತ್ತು ಅಂತ ಹುಡುಕಿ. ನಂತರ ಅದನ್ನು ಹೊರಗಿನಿಂದ ಯಾರು ಬಂದು ಪರೀಕ್ಷಿಸುತ್ತಾರೆ ಅಂತ ಕೇಳಿ. ಯಾಕಂದ್ರೆ ಕಾಯಿನ್ ಯಾವಾಗಲೂ ಗ್ರಾಹಕರದ್ದೇ ಅಂತ ಎಫ್‌ಟಿಎಕ್ಸ್‌ನ ಷರತ್ತುಗಳಲ್ಲೂ ಬರೆದಿತ್ತು.